ಪತಂಗದ ರೆಕ್ಕೆ, ಕಾಡಿನ ಕೊಳ: ಮೂರು ಪ್ರಯೋಗಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ

ಪ್ರಾಯೋಗಿಕ ಕಿರುಚಿತ್ರ ಅಂದ ಕೂಡಲೇ "ಏನೂ ಅರ್ಥ ಆಗಲ್ಲ ಮಾರಾಯ" ಎಂದು ಎದ್ದುಹೋಗುವ ಗೆಳೆಯರು ನನಗೆ ಬೇಕಾದಷ್ಟಿದ್ದಾರೆ. ಇವರಿಗೆ ಮೊದಲು ಯಾವುದನ್ನು ತೋರಿಸಬೇಕು? ಮೊದಲನೆಯದು ಹಿಡಿಸದಿದ್ದರೆ ಎರಡನೆಯದಕ್ಕೆ ಅವರು ಕೂರುವುದೇ ಇಲ್ಲ. ಹಾಗಾಗಿ ಒಂದೊಂದೂ ಹತ್ತು ನಿಮಿಷದೊಳಗೆ ಮುಗಿಯುವ ಮೂರನ್ನು ಆರಿಸಿಕೊಂಡೆ: ಅಮೆರಿಕದ ಸ್ಟಾನ್ ಬ್ರ್ಯಾಕೇಜ್ ಅವರ 'ಮಾತ್‌ಲೈಟ್' (1963), ಪ್ರಮೋದ್ ಪತಿ ಅವರ 'ಎಕ್ಸ್‌ಪ್ಲೋರರ್' (1968), ಅಮೆರಿಕದ ವಿಡಿಯೊ ಕಲಾವಿದ ಬಿಲ್ ವಯೋಲಾ ಅವರ 'ದ ರಿಫ್ಲೆಕ್ಟಿಂಗ್ ಪೂಲ್' (1977–79). ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ, ಪ್ರೊಜೆಕ್ಟರ್ ಹಾಕಿ ಗೋಡೆಯ ಮೇಲೆ, ಒಬ್ಬನೇ ಕೂತು, ಮನೆಯವರ ಜೊತೆ ಕೂತು ಮೂರನ್ನೂ ನೋಡಿದೆ.

ನಮ್ಮ ದೇಶದ್ದು ಎಂಬ ಕಾರಣಕ್ಕೆ 'ಎಕ್ಸ್‌ಪ್ಲೋರರ್' ಸುಲಭವಾಗಿ ಒಗ್ಗುತ್ತದೆ ಎಂದುಕೊಳ್ಳಬೇಡಿ. ಒಡಿಶಾದ ಪ್ರಮೋದ್ ಪತಿ ಚೆಕೊಸ್ಲೊವಾಕಿಯಾಕ್ಕೆ ಹೋಗಿ ಗೊಂಬೆ ಆನಿಮೇಶನ್ ಕಲಿತು ಬಂದವರು, ಕೇಂದ್ರ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆಯಾಗಿದ್ದ ಫಿಲ್ಮ್ಸ್ ಡಿವಿಷನ್‌ನಲ್ಲಿದ್ದವರು. ಆ ಕಾಲದಲ್ಲಿ ಚಿತ್ರಮಂದಿರಗಳು ಮುಖ್ಯ ಸಿನಿಮಾಕ್ಕೆ ಮೊದಲು ಈ ಸಂಸ್ಥೆಯ ಕಿರುಚಿತ್ರಗಳನ್ನು ಹಾಕಲೇಬೇಕಿತ್ತು. ಸರ್ಕಾರದ ದುಡ್ಡಿನಲ್ಲಿ ಇಷ್ಟು ಲಂಗುಲಗಾಮಿಲ್ಲದ ಕೆಲಸ ನಡೆದಿತ್ತು ಎನ್ನುವುದೇ ನನಗೆ ಹೆಮ್ಮೆ. ಕುಣಿಯುವ ಹುಡುಗ ಹುಡುಗಿಯರು, ದೇವರ ಚಿತ್ರ, ಪ್ರಯೋಗಾಲಯ, ಮುಖಗಳು, ಎಲ್ಲವೂ ಕಪ್ಪುಬಿಳುಪಿನಲ್ಲಿ ಒಂದರ ಮೇಲೊಂದು ಬಂದು ಬಡಿಯುತ್ತವೆ. ಮೊದಲ ಎರಡು ನಿಮಿಷ ಮೈ ಜುಮ್ಮೆನ್ನುತ್ತದೆ. ಆಮೇಲೆ ಕಣ್ಣು ದಣಿಯುತ್ತದೆ, ಹೊಸ ಶಾಟ್ ಬಂದರೂ ಹೊಸತು ಅನ್ನಿಸುವುದಿಲ್ಲ. ಶಬ್ದ ನಿಲ್ಲಿಸಿ ನೋಡಿದರೆ ಅರ್ಧ ಜೀವ ಹೋಗುತ್ತದೆ. ಮೆಚ್ಚುತ್ತೇನೆ, ಆದರೆ ಹೊಸಬರಿಗೆ ಮೊದಲು ತೋರಿಸುವುದಿಲ್ಲ.

'ಮಾತ್‌ಲೈಟ್'ಗೆ ಕ್ಯಾಮೆರಾ ಇಲ್ಲವೇ ಇಲ್ಲ. ದೀಪಕ್ಕೆ ಬಿದ್ದು ಸತ್ತ ಪತಂಗಗಳ ರೆಕ್ಕೆ, ಹುಲ್ಲಿನ ಎಳೆ, ಹೂವಿನ ದಳ, ಎಲೆ, ಇವನ್ನು ಎರಡು ಪಾರದರ್ಶಕ ಟೇಪ್‌ಗಳ ನಡುವೆ ಅಂಟಿಸಿ, ಆ ಪಟ್ಟಿಯಿಂದಲೇ 16 ಎಂಎಂ (ಹದಿನಾರು ಮಿಲಿಮೀಟರ್ ಅಗಲದ ಫಿಲ್ಮ್) ಪ್ರಿಂಟ್ ತೆಗೆದಿದ್ದಾರೆ. ನಾಲ್ಕು ನಿಮಿಷಕ್ಕೂ ಕಡಿಮೆ, ಪೂರ್ತಿ ಮೌನ. 16 ಎಂಎಂ ಫಿಲ್ಮಿನಲ್ಲಿ ಒಂದು ಫ್ರೇಮಿಗೆ, ಅಂದರೆ ಒಂದು ಬಿಡಿ ಚಿತ್ರಕ್ಕೆ, ಸಿಗುವ ಉದ್ದ ಎಂಟು ಮಿಲಿಮೀಟರಿಗಿಂತ ಕಡಿಮೆ. ಒಂದಿಂಚಿನ ಎಲೆ ಮೂರಕ್ಕೂ ಹೆಚ್ಚು ಫ್ರೇಮುಗಳಿಗೆ ಹರಡಿಕೊಳ್ಳುತ್ತದೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅದು ಕಣ್ಣ ಮುಂದೆ ಇರುವುದು ಸೆಕೆಂಡಿನ ಏಳನೇ ಒಂದು ಭಾಗದಷ್ಟು ಹೊತ್ತು. ಸತ್ತ ರೆಕ್ಕೆ ಪಟಪಟ ಬಡಿದುಕೊಳ್ಳುವಂತೆ ಕಾಣುವುದು ಇದರಿಂದಲೇ. ಪಕ್ಕಪಕ್ಕದ ಎರಡು ಫ್ರೇಮಿಗೆ ಹೋಲಿಕೆಯೇ ಇಲ್ಲದಿರುವಾಗ ಕಣ್ಣು ತಾನೇ ಚಲನೆ ಹುಟ್ಟಿಸಿಕೊಳ್ಳುತ್ತದೆ. ಗೋಡೆಯ ಮೇಲೆ ನೋಡಿದಾಗ ನನಗೆ ಗಂಟಲು ಕಟ್ಟಿತ್ತು. ದೀಪಕ್ಕೆ ಬಿದ್ದು ಸತ್ತವು ಮತ್ತೆ ಬೆಳಕಿನಿಂದಲೇ ಹಾರುತ್ತಿದ್ದವು.

ವೇಗದಲ್ಲಿ ಇದು ಪತಿಯವರ ಚಿತ್ರಕ್ಕಿಂತ ಕಡಿಮೆಯೇನಲ್ಲ. ಆದರೂ ಇಲ್ಲಿ ದಣಿವಿಲ್ಲ. ಅಲ್ಲಿ ಪ್ರತಿ ಶಾಟ್ ಕೂಡ "ನನ್ನನ್ನು ಗುರುತಿಸು" ಎನ್ನುತ್ತದೆ; ನೃತ್ಯವೋ ದೇವರೋ ಎಂದು ಮನಸ್ಸು ಓಡಬೇಕು. ಇಲ್ಲಿ ಗುರುತಿಸುವ ಕೆಲಸವಿಲ್ಲ, ಕಣ್ಣು ಬಿಟ್ಟುಕೊಂಡಿದ್ದರೆ ಸಾಕು.

'ರಿಫ್ಲೆಕ್ಟಿಂಗ್ ಪೂಲ್' ಇವೆರಡಕ್ಕೂ ಎದುರು ದಿಕ್ಕು. ಏಳು ನಿಮಿಷ, ಅಲ್ಲಾಡದ ಕ್ಯಾಮೆರಾ, ಕಾಡಿನೊಳಗೊಂದು ಕೊಳ. ಒಬ್ಬ ಬಂದು ದಡದಲ್ಲಿ ನಿಲ್ಲುತ್ತಾನೆ, ಕೂಗಿ ಜಿಗಿಯುತ್ತಾನೆ, ಗಾಳಿಯಲ್ಲೇ ಮುದುರಿಕೊಂಡು ನಿಂತುಬಿಡುತ್ತಾನೆ. ಕೊಳದ ನೀರು ಮಾತ್ರ ತನ್ನ ಪಾಡಿಗೆ ತಾನು ಅಲುಗುತ್ತಿರುತ್ತದೆ. ದಡದಲ್ಲಿ ಯಾರೂ ಇಲ್ಲ, ನೀರಲ್ಲಿ ಓಡಾಡುವವರ ನೆರಳಿದೆ. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ವಿಡಿಯೊ ತುಣುಕುಗಳನ್ನು ಪರದೆಯ ಬೇರೆ ಬೇರೆ ಭಾಗಗಳಲ್ಲಿ ಹೊಂದಿಸಿದ್ದರಿಂದ ಕಾಡಿಗೊಂದು ಕಾಲ, ನೀರಿಗೊಂದು ಕಾಲ, ಮನುಷ್ಯನಿಗೊಂದು ಕಾಲ. ಗಾಳಿಯಲ್ಲಿದ್ದವನು ಮೆಲ್ಲಗೆ ಮಾಸಿಹೋಗುತ್ತಾನೆ. ಕೊನೆಗೆ ನೀರಿನಿಂದ ಬೆತ್ತಲೆಯಾಗಿ ಎದ್ದು ಕಾಡಿಗೆ ನಡೆಯುತ್ತಾನೆ.

ಕಲ್ಯಾಣಿಗೆ ಹಾರುವ ಹುಡುಗರನ್ನು ನೋಡಿ ಬೆಳೆದ ನಮ್ಮಂಥವರ ಮೈಗೆ ಧುಮುಕಿದ ಮೇಲಿನ ಸದ್ದು ಗೊತ್ತಿರುತ್ತದೆ. ಇಲ್ಲಿ ಆ ಸದ್ದು ಬರುವುದೇ ಇಲ್ಲ, ಕಾಯುತ್ತಲೇ ಇರಬೇಕು. ಜೊತೆಗೆ ಕೂತಿದ್ದ ಅಮ್ಮ "ಬೀಳಲೇ ಇಲ್ವಲ್ಲೋ, ಎಲ್ಲಿ ಹೋದ?" ಎಂದರು. ವಿಡಿಯೊ ಕಲೆ ಎಂಬ ಹೆಸರನ್ನೂ ಕೇಳದವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಮೂರರಲ್ಲಿ ಅಂಥ ಪ್ರಶ್ನೆ ಹುಟ್ಟಿಸಿದ್ದು ಇದೊಂದೇ. ಹೊಸಬರಿಗೆ ಇದನ್ನೇ ಮೊದಲು ತೋರಿಸಿ. ಹೆಡ್‌ಫೋನ್ ಇರಲಿ, ಕಾಡಿನ ಸದ್ದಿಲ್ಲದೆ ಆ ಕಾಯುವಿಕೆ ಗಟ್ಟಿಯಾಗುವುದಿಲ್ಲ.

ಫೋನಿನಲ್ಲಿ ನೋಡಿದಾಗಲೂ ಗೆದ್ದದ್ದು ಇದೇ, ಅದಕ್ಕೆ ತಾಂತ್ರಿಕ ಕಾರಣವೂ ಇದೆ. ಆನ್‌ಲೈನ್ ವಿಡಿಯೊದ ಫೈಲ್ ಚಿಕ್ಕದಾಗುವುದು ಬಹುಪಾಲು ಒಂದು ಫ್ರೇಮಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುವುದರಿಂದ. ಅಲ್ಲಾಡದ ಕಾಡಿಗೆ ಅದು ಒಗ್ಗುತ್ತದೆ. ಫ್ರೇಮಿನಿಂದ ಫ್ರೇಮಿಗೆ ಚಿತ್ರವೇ ಬದಲಾಗುವ 'ಮಾತ್‌ಲೈಟ್'ನಲ್ಲಿ ಎಲ್ಲವೂ ವ್ಯತ್ಯಾಸವೇ, ಬಿಟ್ಟುಬಿಡಲು ಏನೂ ಇರುವುದಿಲ್ಲ. ಕಳಪೆ ಪ್ರತಿಯಲ್ಲಿ ರೆಕ್ಕೆಯ ನರಗಳು ಕಂದು ಚೌಕಗಳಾಗಿ ಕದಡಿಹೋಗುತ್ತವೆ. ಹಾಗೆ ನೋಡಿ "ಇಷ್ಟೇನಾ" ಎಂದವರ ಮೇಲೆ ನನಗೆ ಬೇಸರವಿಲ್ಲ, ಅವರು ಆ ಚಿತ್ರವನ್ನು ನೋಡಿಯೇ ಇಲ್ಲ. ಫಿಲ್ಮ್ ಪ್ರೊಜೆಕ್ಷನ್ ಸಿಕ್ಕಿದರೆ ಬಿಡಬೇಡಿ. ಇಲ್ಲದಿದ್ದರೆ ಒಳ್ಳೆಯ ಡಿಸ್ಕ್ ಹುಡುಕಿ, ಕೋಣೆ ಕತ್ತಲು ಮಾಡಿ ನೋಡಿ. ನಾನು ಮತ್ತೆ ಮತ್ತೆ ಹಿಂದಿರುಗುವುದು 'ಮಾತ್‌ಲೈಟ್'ಗೇ. ಮೊದಲು ನಿಲ್ಲಿಸದೆ ಒಮ್ಮೆ, ಆಮೇಲೆ ಒಂದೊಂದೇ ಫ್ರೇಮ್ ನಿಲ್ಲಿಸಿಕೊಂಡು ಇನ್ನೊಮ್ಮೆ.