ಹೊಸ ಹೊದಿಕೆಯೊಳಗಿನ ಹಳೆಯ ಹೂಡಿಕೆ ಪಾಠ: ಒಂದು ಎಚ್ಚರಿಕೆ

ಷೇರು ಮತ್ತು ಮ್ಯೂಚುವಲ್ ಫಂಡ್‌ಗಳಲ್ಲಿ ಸ್ವಂತ ತಿಳಿವಳಿಕೆಯಿಂದ ಹಣ ಹೂಡಬೇಕೆಂದು ಕನ್ನಡದಲ್ಲಿ ಪುಸ್ತಕ, ಜಾಲತಾಣಗಳನ್ನು ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. 2024ರ ಕೊನೆಯಲ್ಲಿ ಉಡುಪಿಯ ಸಭಾಂಗಣವೊಂದರಲ್ಲಿ ನಡೆದ ಉಚಿತ ಕಾರ್ಯಾಗಾರದಲ್ಲಿ ಎರಡು ಪುಸ್ತಕಗಳನ್ನೂ ಅವುಗಳ ಜೊತೆಗಿನ ಜಾಲತಾಣದ ಒಂದು ವರ್ಷದ ಸದಸ್ಯತ್ವವನ್ನೂ 4,800 ರೂಪಾಯಿ ಕೊಟ್ಟು ಪಡೆದೆ. ಹೊದಿಕೆಯ ಮೇಲೆ ‘ಪರಿಷ್ಕೃತ ಆವೃತ್ತಿ, 2024’ ಎಂದು ಅಚ್ಚಾಗಿತ್ತು. ಒಳಗಿನ ಪುಟಗಳನ್ನು ಯಾರೂ ಪರಿಷ್ಕರಿಸಿರಲಿಲ್ಲ.

ಹೆಚ್ಚಿನ ಹಾನಿಯಾದದ್ದು ಡೆಟ್ ಫಂಡ್‌ಗಳ, ಅಂದರೆ ಸಾಲಪತ್ರಗಳಲ್ಲಿ ಹಣ ಹೂಡುವ ಫಂಡ್‌ಗಳ, ಅಧ್ಯಾಯದಿಂದ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್‌ಗಳು ಹುಟ್ಟಿದ ಈ ಕರಾವಳಿಯ ನೆಲದಲ್ಲಿ ಉಳಿತಾಯವೆಂದರೆ ಮೊದಲು ನಿರಖು ಠೇವಣಿಯೇ. ಆದ್ದರಿಂದ ಠೇವಣಿಗಿಂತ ಡೆಟ್ ಫಂಡ್ ಲೇಸು ಎಂದು ವಾದಿಸುವ ಅಧ್ಯಾಯವನ್ನು ನಮ್ಮವರು ಬಹಳ ಗಮನವಿಟ್ಟು ಓದುತ್ತಾರೆ. ಮೂರು ವರ್ಷ ಇಟ್ಟುಕೊಂಡರೆ ಹಣದುಬ್ಬರವನ್ನು ಕಳೆದು ಉಳಿದ ಲಾಭಕ್ಕೆ ಮಾತ್ರ ಶೇ 20ರಷ್ಟು ತೆರಿಗೆ ಎಂದು ಆ ಪುಸ್ತಕ ಉದಾಹರಣೆ ಸಮೇತ ವಿವರಿಸುತ್ತದೆ. ಆದರೆ 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಯೂನಿಟ್‌ಗಳಿಗೆ (ಫಂಡಿನ ಪಾಲುಗಳಿಗೆ) ಆ ಸೌಲಭ್ಯವೇ ಇಲ್ಲ. ಎಷ್ಟು ವರ್ಷ ಇಟ್ಟುಕೊಂಡರೂ ಲಾಭ ನಮ್ಮ ಆದಾಯಕ್ಕೆ ಸೇರಿ, ನಮ್ಮ ಹಂತದ ದರದಲ್ಲೇ ತೆರಿಗೆ ಬೀಳುತ್ತದೆ. ಠೇವಣಿಯ ಬಡ್ಡಿಗೆ ಪ್ರತಿ ವರ್ಷ ತೆರಿಗೆ ಕಟ್ಟಬೇಕು, ಫಂಡಿನ ಲಾಭಕ್ಕೆ ಮಾರಿದಾಗ ಮಾತ್ರ ಎಂಬಷ್ಟು ಅನುಕೂಲ ಇಂದಿಗೂ ಉಳಿದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವಧಿ ಮುಗಿದ ಠೇವಣಿಯ ಹಣವನ್ನು ನಾನು ಅಲ್ಲಿಗೆ ಹಾಕಿದ್ದು ಪುಸ್ತಕ ತೋರಿಸಿದ ಆ ಲೆಕ್ಕವನ್ನು ನೆಚ್ಚಿ.

ಷೇರುಗಳ ಅಧ್ಯಾಯವೂ ಹಾಗೆಯೇ. ಅಲ್ಪಾವಧಿ ಲಾಭಕ್ಕೆ ಶೇ 15, ದೀರ್ಘಾವಧಿಗೆ ಒಂದು ಲಕ್ಷ ಮೀರಿದ ಮೇಲೆ ಶೇ 10 ಎಂದು ಬರೆದಿದೆ. 2024ರ ಜುಲೈ 23ರಿಂದ ಅವು ಶೇ 20 ಮತ್ತು 1.25 ಲಕ್ಷ ಮೀರಿದ ಮೇಲೆ ಶೇ 12.5 ಆಗಿವೆ.

ಇದೆಲ್ಲ ಅಲಕ್ಷ್ಯವೆಂದು ಬಿಡಬಹುದಿತ್ತು. ಆದರೆ 2013ರ ಜನವರಿಯಿಂದ ಎಲ್ಲ ಫಂಡ್‌ಗಳಲ್ಲೂ ಲಭ್ಯವಿರುವ, ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಬಗ್ಗೆ, ಸ್ವತಃ ಹೂಡುವವರಿಗೆಂದೇ ಬರೆದ ಈ ಎರಡು ಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲ. ಕಾರಣ ಜಾಲತಾಣದಲ್ಲಿ ಸಿಕ್ಕಿತು. ‘ಹೂಡಿಕೆ ಸಲಹೆಗಾರರು’ ಎಂದು ಕರೆದುಕೊಳ್ಳುವ ಅದರ ಮೂಲಕ ಕೊಂಡ ಪ್ರತಿಯೊಂದು ಫಂಡೂ ಏಜೆಂಟರ ಕಮಿಷನ್ ಸೇರಿದ ರೆಗ್ಯುಲರ್ ಪ್ಲಾನ್ ಆಗಿತ್ತು, ಖಾತೆಯ ವಿವರಪಟ್ಟಿಯಲ್ಲಿ ಅವರ ಎಆರ್‌ಎನ್ ಸಂಖ್ಯೆ ಕಾಣಿಸುತ್ತಿತ್ತು. ಎಆರ್‌ಎನ್ ಎಂದರೆ ಫಂಡ್ ಮಾರುವ ವಿತರಕರಿಗೆ ಮ್ಯೂಚುವಲ್ ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿ ಕೊಡುವ ನೋಂದಣಿ. ಸಲಹೆಗಾರರಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಕೊಡುವ ನೋಂದಣಿ ಬೇರೆ, ಅದು ಐಎನ್‌ಎ ಎಂದು ಆರಂಭವಾಗುತ್ತದೆ. ಸೆಬಿಯಲ್ಲಿ ನೋಂದಾಯಿಸದ ವಿತರಕರು ಸಲಹೆಗಾರರೆಂದು ಹೇಳಿಕೊಳ್ಳುವುದನ್ನು ಸೆಬಿ ನಿಯಮಗಳ 2020ರ ತಿದ್ದುಪಡಿಯೇ ನಿಷೇಧಿಸಿದೆ. ಹಣ ವಾಪಸ್ ಕೇಳಿದಾಗ ಆ ಸಂಸ್ಥೆಯಿಂದ ಉತ್ತರ ಬರಲಿಲ್ಲ.

ಆದ್ದರಿಂದ ಪುಸ್ತಕ ಕೊಳ್ಳುವ ಮೊದಲು ಹೊದಿಕೆಯನ್ನು ನೋಡದೆ ತೆರಿಗೆಯ ಅಧ್ಯಾಯವನ್ನು ತೆರೆದು, ಮೇಲೆ ಹೇಳಿದ ದರಗಳೊಂದಿಗೆ ಹೋಲಿಸಿ. ಮಾರಿದ ಷೇರಿನ ವ್ಯವಹಾರ ಎರಡು ದಿನಗಳಲ್ಲಿ ಇತ್ಯರ್ಥವಾಗುತ್ತದೆ ಎಂದಿದ್ದರೆ ಅದು 2023ರ ಜನವರಿಗಿಂತ ಹಿಂದಿನ ಬರಹ. ಈಗ ಒಂದೇ ದಿನ. ಕಂಪನಿಯ ಮೌಲ್ಯವನ್ನು ಅಳೆಯುವ ವಿಧಾನ, ತಾಳ್ಮೆ, ಹಂಚಿ ಹೂಡುವುದು ಇವುಗಳ ಬಗ್ಗೆ ಹಳೆಯ ಪುಸ್ತಕಗಳು ಇಂದಿಗೂ ಚೆನ್ನಾಗಿಯೇ ಕಲಿಸುತ್ತವೆ. ಕಾನೂನು ಮತ್ತು ತೆರಿಗೆಯನ್ನು ಮಾತ್ರ ಅವುಗಳಿಂದ ಕಲಿಯಬಾರದು. ಅದಕ್ಕೆ ಆದಾಯ ತೆರಿಗೆ ಇಲಾಖೆಯ ಮತ್ತು ಸೆಬಿಯ ಜಾಲತಾಣಗಳಿವೆ, ಫಂಡಿನ ದಿನದ ಬೆಲೆಗೆ ಆಂಫಿ ಇದೆ, ಕಂಪನಿಗಳ ವಾರ್ಷಿಕ ವರದಿಗಳು ಷೇರು ವಿನಿಮಯ ಕೇಂದ್ರಗಳಾದ ಎನ್‌ಎಸ್‌ಇ, ಬಿಎಸ್‌ಇ ತಾಣಗಳಲ್ಲಿವೆ; ಇವೆಲ್ಲ ಉಚಿತ. ಸಲಹೆಗಾರರ ಹೆಸರು ಸೆಬಿ ಪಟ್ಟಿಯಲ್ಲಿದೆಯೇ ಎಂಬುದನ್ನೂ ಸೆಬಿಯ ತಾಣದಲ್ಲಿಯೇ ನೋಡಬಹುದು.

ಈಗಾಗಲೇ ಇಂಥ ತಾಣದ ಮೂಲಕ ರೆಗ್ಯುಲರ್ ಪ್ಲಾನ್‌ನಲ್ಲಿ ಸಿಲುಕಿದವರು ಆತುರದಿಂದ ಎಲ್ಲವನ್ನೂ ಡೈರೆಕ್ಟ್‌ಗೆ ಬದಲಿಸಬೇಡಿ. ಆ ಬದಲಾವಣೆಯನ್ನು ಕಾನೂನು ಮಾರಾಟವೆಂದೇ ಪರಿಗಣಿಸುವುದರಿಂದ ತೆರಿಗೆಯೂ, ಅವಧಿ ಮುಗಿಯದಿದ್ದರೆ ನಿರ್ಗಮನ ಶುಲ್ಕವೂ ಬೀಳುತ್ತವೆ. ಮೊದಲು ಮುಂದಿನ ಕಂತುಗಳನ್ನು ಡೈರೆಕ್ಟ್ ಪ್ಲಾನ್‌ಗೆ ಹಾಕಿ, ಹಳೆಯ ಯೂನಿಟ್‌ಗಳನ್ನು ಶುಲ್ಕದ ಅವಧಿ ಕಳೆದ ಮೇಲೆ ಲೆಕ್ಕ ಹಾಕಿ ಬದಲಿಸಿ. ಪುಸ್ತಕದ ಹಣಕ್ಕಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ರಸೀದಿಯನ್ನೂ ಆ ಹಳೆಯ ಅಧ್ಯಾಯದ ಪುಟಗಳ ಚಿತ್ರಗಳನ್ನೂ ತೆಗೆದಿಟ್ಟುಕೊಳ್ಳಿ.