60 ಪಟ್ಟಿಗೆ ಮರುಳಾಗುವ ಮುನ್ನ: ಟಾರ್ಗೆಟ್ ಶೂಟಿಂಗ್‌ಗೆ ಯಾವ ಸ್ಪಾಟಿಂಗ್ ಸ್ಕೋಪ್?

ಬೆಂಗಳೂರಿನ ಅಂಗಡಿಗಳಲ್ಲಿ ಸ್ಪಾಟಿಂಗ್ ಸ್ಕೋಪ್ (ದೂರದ್ದನ್ನು ಹತ್ತಿರ ತೋರಿಸುವ, ಸ್ಟ್ಯಾಂಡಿನ ಮೇಲೆ ಕೂರುವ ಒಂಟಿಕಣ್ಣಿನ ದುರ್ಬೀನು) ಕೇಳಿದರೆ ಕೌಂಟರಿನಾಚೆಯಿಂದ ಬರುವ ಮೊದಲ ಪ್ರಶ್ನೆ ‘ಬರ್ಡಿಂಗಾ ಸಾರ್?’ ರಂಗನತಿಟ್ಟು, ಹೆಸರಘಟ್ಟ ಸುತ್ತುವ ಹಕ್ಕಿಪ್ರಿಯರೇ ಈ ಮಾಲಿನ ದೊಡ್ಡ ಗಿರಾಕಿಗಳು, ಹಾಗಾಗಿ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅವರಿಗೆ ಒಪ್ಪಿದ್ದು ಶೂಟರಿಗೂ ಒಪ್ಪಬೇಕೆಂದಿಲ್ಲ. ಹಕ್ಕಿಯ ಹಿಂದೆ ಹೋಗುವವರು ಕತ್ತನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಶೂಟರ್ ಮಾತ್ರ ಗುಂಡು ಟಾರ್ಗೆಟ್ಟಿನಲ್ಲಿ ಎಲ್ಲಿ ಬಿತ್ತೆಂದು, ರೈಫಲಿನ ಸ್ಟಾಕಿಗೆ (ಹಿಂಬದಿಯ ಹಿಡಿಗೆ) ಒತ್ತಿದ ಕೆನ್ನೆಯನ್ನು ಎತ್ತದೆಯೇ ನೋಡಬೇಕು. ಡಬ್ಬದ ಮೇಲಿನ 60 ಎಕ್ಸ್‌ಗಿಂತ (ಅಂದರೆ 60 ಪಟ್ಟು) ಐಪೀಸ್, ಅಂದರೆ ಕಣ್ಣಿಡುವ ಕಡೆಯ ಲೆನ್ಸ್, ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದೇ ಇಲ್ಲಿ ಹೆಚ್ಚು ತೂಕದ ಪ್ರಶ್ನೆ.

ಬರೀ 10 ಮೀಟರ್ ಏರ್ ರೈಫಲ್ ಹೊಡೆಯುವವರು ಈ ಖರ್ಚನ್ನೇ ಬಿಡಬಹುದು. ಪೇಪರ್ ಟಾರ್ಗೆಟ್ ಆದರೆ ರಾಟೆಯಲ್ಲಿ ಕೈಗೇ ಬರುತ್ತದೆ, ಎಲೆಕ್ಟ್ರಾನಿಕ್ ಆದರೆ ಪಕ್ಕದಲ್ಲೇ ಮಾನಿಟರ್ ಇರುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ರೈಫಲ್ ನಿಯಮದಲ್ಲೂ ಸ್ಪಾಟಿಂಗ್ ಸ್ಕೋಪಿಗೆ ಅವಕಾಶ ಇರುವುದು 50 ಮತ್ತು 300 ಮೀಟರಿಗೆ ಮಾತ್ರ.

50 ಮೀಟರಿನ ಲೆಕ್ಕ ಹೀಗಿದೆ. ರೈಫಲ್ ಟಾರ್ಗೆಟ್ಟಿನ ಹತ್ತರ ರಿಂಗ್ 10.4 ಮಿ.ಮೀ. ಅಗಲ, ಒಳಗಿನ ಹತ್ತು 5 ಮಿ.ಮೀ. ಒಂದು ರಿಂಗಿನಿಂದ ಮುಂದಿನದಕ್ಕೆ 8 ಮಿ.ಮೀ. ಇಲ್ಲಿ ಹೊಡೆಯುವ ಪಾಯಿಂಟ್ ಟೂ-ಟೂ (.22) ಗುಂಡಿನ ವ್ಯಾಸ 5.6 ಮಿ.ಮೀ. 20 ಪಟ್ಟಿನಲ್ಲಿ ನೋಡಿದರೆ 50 ಮೀಟರ್ ದೂರದ ಹಾಳೆ ಎರಡೂವರೆ ಮೀಟರಿನಲ್ಲಿ ಇದ್ದಂತೆ. ನಂಬಿಕೆ ಬರದಿದ್ದರೆ ಹೊಡೆದ ಹಳೇ ಟಾರ್ಗೆಟ್ ಒಂದನ್ನು ಗೋಡೆಗೆ ಅಂಟಿಸಿ ಎರಡೂವರೆ ಮೀಟರ್ ಹಿಂದೆ ನಿಂತು ನೋಡಿ. ಒಳ್ಳೆಯ ಗಾಜು ಕೊಡುವ 20 ಪಟ್ಟು ಅಂದರೆ ಅಷ್ಟೇ. ಬಿಳಿಯ ಮೇಲಿನ ತೂತು ತಟ್ಟನೆ ಕಾಣುತ್ತದೆ, ಕಪ್ಪಿನ ಮೇಲಿನದು ಹುಡುಕಿಸುತ್ತದೆ. 30 ಪಟ್ಟಿಗೆ ಇದೇ ದೂರ 1.7 ಮೀಟರಿಗೆ ಇಳಿಯುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. 60 ಪಟ್ಟು ಅಂದರೆ ಟಾರ್ಗೆಟ್ಟನ್ನು ಮೂಗಿನ ಮುಂದೆ ಹಿಡಿದಂತೆ. 50 ಮೀಟರಿಗೆ ಅದು ಬೇಕಿಲ್ಲ. 300 ಮೀಟರಿನಲ್ಲಿ ದೊಡ್ಡ ಲೆನ್ಸಿಗೆ ಅರ್ಥವಿದೆ. ಅಲ್ಲಿ 60 ಪಟ್ಟೂ ಹಾಳೆಯನ್ನು 5 ಮೀಟರಿಗಷ್ಟೇ ತರುತ್ತದೆ.

ಕಪ್ಪಿನ ಮೇಲಿನ ತೂತು ಕಾಣದಿದ್ದಾಗ ಎಲ್ಲರೂ ಮೊದಲು ಝೂಮ್ ತಿರುಗಿಸುತ್ತಾರೆ. ಇದು ಬಹುತೇಕ ಕಾಂಟ್ರಾಸ್ಟಿನ ಸಮಸ್ಯೆ, ಗಾತ್ರದ್ದಲ್ಲ. ಟಾರ್ಗೆಟ್ ಹಿಂದೆ ಬಿಸಿಲು ಬಿದ್ದ ಮರಳದಿಬ್ಬ ಇದ್ದು ನಡುವೆ ಏನೂ ಅಡ್ಡವಿಲ್ಲದಿದ್ದರೆ ತೂತು ಬೆಳ್ಳಗೆ ಹೊಳೆಯುತ್ತದೆ. ದಿಬ್ಬ ನೆರಳಿಗೆ ಹೋದರೆ ಕಪ್ಪಿನಲ್ಲಿ ಕಪ್ಪು. ಆಗ ಗೆಲ್ಲುವುದು ಗಾಜಿನ ಕೋಟಿಂಗ್, ಝೂಮ್ ಅಲ್ಲ.

ಝೂಮ್ ಏರಿಸಿದಷ್ಟೂ ಬೆಳಕು ಕಡಿಮೆಯಾಗುತ್ತದೆ. ಲೆನ್ಸಿನ ವ್ಯಾಸವನ್ನು ಪಟ್ಟಿನಿಂದ ಭಾಗಿಸಿ. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಅದು. 80 ಮಿ.ಮೀ. ಲೆನ್ಸ್ 20 ಪಟ್ಟಿನಲ್ಲಿ 4 ಮಿ.ಮೀ. ಕೊಡುತ್ತದೆ, 60ರಲ್ಲಿ ಬರೀ 1.3. ಅಷ್ಟು ಸಣ್ಣ ಬಿಲ್ಲೆಗೆ ಕಣ್ಣನ್ನು ಸರಿಯಾಗಿ ಕೂರಿಸಲು ತಲೆ ಅತ್ತಿತ್ತ ಆಡಿಸಬೇಕಾಗುತ್ತದೆ, ಪೊಸಿಷನ್ ಅಲ್ಲಿಗೇ ಕೆಟ್ಟಿತು. ಜೊತೆಗೆ ಬೇಸಗೆಯಲ್ಲಿ ಹೊತ್ತು ಏರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯ ಅಲೆಯೂ ಅಷ್ಟೇ ಪಟ್ಟು ದೊಡ್ಡದಾಗಿ ಕುದಿಯುತ್ತದೆ. ಇದೇ ಅಲೆ ಉಪಕಾರಿಯೂ ಹೌದು: ಸ್ಕೋಪನ್ನು 20–25 ಪಟ್ಟಿನಲ್ಲಿಟ್ಟು ಫೋಕಸನ್ನು ಟಾರ್ಗೆಟ್ಟಿನಿಂದ ಸ್ವಲ್ಪ ಈಚೆಗೆ ಎಳೆದರೆ ಗಾಳಿ ಯಾವ ಕಡೆ ಹರಿಯುತ್ತಿದೆ ಎಂದು ಕಾಣುತ್ತದೆ. ಅಲೆ ನೇರ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ನಿಂತಿದೆ, ಇಲ್ಲವೇ ದಿಕ್ಕು ಬದಲಿಸುತ್ತಿದೆ ಎಂದು. ಆಗ ಟ್ರಿಗರ್ ಮುಟ್ಟದಿರುವುದೇ ಜಾಣತನ.

ಇನ್ನು ಮಾಲಿನ ವಿಚಾರ. ಕೋವಾ ಟಿಎಸ್‌ಎನ್-501 ಪುಟ್ಟದು: 20-40×50 (20ರಿಂದ 40 ಪಟ್ಟು, 50 ಮಿ.ಮೀ. ಲೆನ್ಸ್), ವಾರೆ ಐಪೀಸ್ (ಕೊಳವೆಗೆ ಓರೆಯಾಗಿ ಬಾಗಿದ್ದು), ಅರ್ಧ ಕಿಲೋ ಕೂಡ ತೂಗುವುದಿಲ್ಲ. ನೇರ ಐಪೀಸಿನ ಅದರ ಜೋಡಿ 502. 50 ಮೀಟರ್ ಪ್ರೋನ್‌ಗೆ (ಮಲಗಿ ಹೊಡೆಯುವುದಕ್ಕೆ), ಬೆಳಕು ಚೆನ್ನಾಗಿದ್ದಾಗ, 20ರಿಂದ 30 ಪಟ್ಟಿನೊಳಗೆ ಇದೇ ಸಾಕು. ಹಗುರವಾದ್ದರಿಂದ ಸ್ಟ್ಯಾಂಡಿಗೂ ಹೊರೆಯಲ್ಲ. ಮೋಡ ಕವಿದ ಆಷಾಢದ ಸಂಜೆಗೆ 50 ಮಿ.ಮೀ. ತಡವರಿಸುತ್ತದೆ. ಸೆಲೆಸ್ಟ್ರಾನ್ ಅಲ್ಟಿಮಾ 65 ಮತ್ತು 80 ಕ್ರಮವಾಗಿ 18-55 ಮತ್ತು 20-60 ಪಟ್ಟಿನವು. ಇವುಗಳಲ್ಲಿ ಇಡಿ ಗಾಜಿಲ್ಲ (ಬಣ್ಣ ಚದುರುವುದನ್ನು ತಗ್ಗಿಸುವ ವಿಶೇಷ ಗಾಜು), ಹಾಗಾಗಿ ಪಟ್ಟು ಏರಿಸಿದಾಗ ಕಪ್ಪು-ಬಿಳಿ ಸೇರುವ ಅಂಚಿನಲ್ಲಿ ನೇರಳೆ ಗೆರೆ ಇಣುಕುವುದು ಸಹಜ. ಕೆಳಗಿನ ಅರ್ಧ ಝೂಮಿನಲ್ಲಿ ಬಳಸುವವರಿಗೆ ಅದು ತೊಂದರೆ ಕೊಡುವುದಿಲ್ಲ. ಅದೇ ಕಂಪನಿಯ ರೀಗಲ್ ಎಂ2ನಲ್ಲಿ ಇಡಿ ಗಾಜಿದೆ, ಬೆಲೆಯೂ ಹಾಗೇ ಮೇಲಿದೆ. ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಎಚ್‌ಡಿ 16-48×65 ಮತ್ತು 20-60×85 ಎರಡು ಗಾತ್ರಗಳಲ್ಲಿ ಬರುತ್ತದೆ. ಪಾಯಿಂಟ್ ಟೂ-ಟೂ ಶೂಟರಿಗೆ ನಮ್ಮ ಮತ 65ರ ವರ್ಗಕ್ಕೆ, ವಾರೆ ಐಪೀಸಿನದಕ್ಕೆ. 80–85 ಕೊಳ್ಳುವುದು 300 ಮೀಟರಿಗೆ ಹೋಗುವವರು ಮಾತ್ರ. ಉಳಿದವರಿಗೆ ಅದು ಹೊರುವ ಕೂಲಿ.

ವಾರೆ ಐಪೀಸ್ ಯಾಕೆಂದರೆ, ಮಲಗಿದವನ ಮುಖದ ಕಡೆಗೆ ಅದನ್ನು ಓರೆಯಾಗಿ ತಿರುಗಿಸಬಹುದು. ಸ್ಕೋಪಿನ ನಡುವೆ ತಿರುಗುವ ಕಾಲರ್ ಇದೆಯೇ ನೋಡಿ. ಇಲ್ಲದಿದ್ದರೆ ಐಪೀಸ್ ಆಕಾಶ ನೋಡುತ್ತಾ ನಿಂತುಬಿಡುತ್ತದೆ. ಕೂರಿಸುವ ಕ್ರಮ: ಮೊದಲು ಸ್ಲಿಂಗ್ (ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ) ಹಾಕಿ ಪೊಸಿಷನ್ ಪೂರ್ತಿ ಕಟ್ಟಿಕೊಳ್ಳಿ. ಆಮೇಲೆ ಬೇರೆಯವರ ಕೈಯಲ್ಲಿ ಸ್ಕೋಪನ್ನು ಎಡಮುಂದಕ್ಕೆ ತರಿಸಿ, ಬಲಗೈ ಶೂಟರಾದರೆ ಎಡಗಣ್ಣಿನ ನೇರಕ್ಕೆ ಐಪೀಸ್ ತಿರುಗಿಸಿ. ಎಡಮೊಣಕೈಗಾಗಲೀ ಸ್ಲಿಂಗಿಗಾಗಲೀ ತಾಗಬಾರದು. ಕಣ್ಣು ಮಾತ್ರ ಹೊರಳಬೇಕು, ಕೆನ್ನೆ ಕದಲಬಾರದು. ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ಚಿತ್ರ ಕಾಣಲು ಕಣ್ಣು ಐಪೀಸಿನಿಂದ ಇರಬಹುದಾದ ದೂರ) 15 ಮಿ.ಮೀ.ಗಿಂತ ಕಡಿಮೆ ಇರುವುದನ್ನು ಕೊಳ್ಳಲೇಬೇಡಿ. ಸುತ್ತ ಕಪ್ಪು ಕೊಳವೆಯಂತೆ ಕಾಣುತ್ತದೆ.

ಸ್ಟ್ಯಾಂಡಿನ ವಿಷಯದಲ್ಲಿ ಜಿಪುಣತನ ಮಾಡುವವರೇ ಜಾಸ್ತಿ. ಮಾಮೂಲಿ ಕ್ಯಾಮೆರಾ ಟ್ರೈಪಾಡ್ ಪೂರ್ತಿ ತಗ್ಗಿಸಿದರೂ ಮಲಗಿದವರ ಕಣ್ಣಿಗೆ ಎತ್ತರವೇ. ಬೇಕಾದ್ದು ಭಾರದ ತಳ ಮತ್ತು ಒಂದು ಸರಳು. ಪೀಣ್ಯದ ಯಾವುದೇ ಸಣ್ಣ ಲೇತ್ ಶಾಪಿನಲ್ಲಿ ಮೂರ್ನಾಲ್ಕು ಕಿಲೋದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿಗೆ 16 ಮಿ.ಮೀ. ಸರಳು ನಿಲ್ಲಿಸಿ, ಮೇಲೆ ಕೆಳಗೆ ಜಾರುವ ಕ್ಲ್ಯಾಂಪ್ ಮಾಡಿಸಿಕೊಳ್ಳಬಹುದು. ಒಂದೇ ಎಚ್ಚರಿಕೆ: ಸ್ಕೋಪಿನ ಕಾಲಿನಲ್ಲಿ ಬೋಲ್ಟ್ ಕೂರುವ ಮರೆ (ಥ್ರೆಡ್) ಕಾಲು ಇಂಚಿನದು, ಇಂಚಿಗೆ 20 ಸುತ್ತು. ನಮ್ಮವರ ಕೈಗೆ ಮೊದಲು ಸಿಗುವ ಎಂ6 ಬೋಲ್ಟ್ 6 ಮಿ.ಮೀ. ದಪ್ಪ, ಸುತ್ತಿನಿಂದ ಸುತ್ತಿಗೆ 1 ಮಿ.ಮೀ.; ಕಾಲಿಂಚಿನದು 6.35 ಮಿ.ಮೀ. ದಪ್ಪ, ಸುತ್ತಿಗೆ 1.27 ಮಿ.ಮೀ. ಎಂ6 ಒಂದೆರಡು ಸುತ್ತು ಹೋಗಿ ಹಿಡಿಯುತ್ತದೆ, ಬಲವಂತ ಮಾಡಿದರೆ ಸ್ಕೋಪಿನ ಮೆತ್ತನೆಯ ಅಲ್ಯೂಮಿನಿಯಂ ಮರೆಯನ್ನೇ ಕಿತ್ತು ತರುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಶೋರೂಮಿನ ಗಾಜಿನ ಮೂಲಕ ನೋಡಬೇಡಿ, ಆ ಗಾಜೇ ಚಿತ್ರ ಕೆಡಿಸುತ್ತದೆ. ಫುಟ್‌ಪಾತಿಗೆ ಬನ್ನಿ. ಹೊಡೆದ ಟಾರ್ಗೆಟ್ ಒಂದನ್ನು ಜೊತೆಗೆ ಒಯ್ದು ಸುಮಾರು 50 ಮೀಟರ್ ದೂರದಲ್ಲಿ ಯಾರಿಂದಲಾದರೂ ಹಿಡಿಸಿ. ಅದಾಗದಿದ್ದರೆ ಮೆಟ್ರೋ ಕಂಬದ ಮೇಲಿನ ನಂಬರನ್ನು ನೋಡಿ. ಫೋಕಸ್ ಚಕ್ರ ತಿರುಗಿಸುತ್ತಾ ಹೋದಂತೆ ಅಂಚು ಒಂದೇ ಜಾಗದಲ್ಲಿ ಪಟ್ಟಂತ ಕೂರಬೇಕು. ‘ಇಲ್ಲೂ ಪರವಾಗಿಲ್ಲ, ಅಲ್ಲೂ ಪರವಾಗಿಲ್ಲ’ ಅನ್ನಿಸಿದರೆ ಆ ಗಾಜು ಬೇಡ. ನಿಂತಿರುವ ಬೈಕಿನ ಕ್ರೋಮ್ ಮೇಲೆ ಬಿಸಿಲು ಚುಕ್ಕಿಯಾಗಿ ಮಿನುಗುತ್ತಿದ್ದರೆ ಅದನ್ನು ಹಿಡಿದು ಫೋಕಸ್ ಅತ್ತ ಇತ್ತ ತಪ್ಪಿಸಿ: ಚುಕ್ಕಿ ಎರಡೂ ಕಡೆ ದುಂಡಗೆ ಅಗಲಾಗಬೇಕು. ಒಂದು ಕಡೆ ಉದ್ದುದ್ದ, ಇನ್ನೊಂದು ಕಡೆ ಅಡ್ಡಡ್ಡ ಹಿಗ್ಗಿದರೆ ಆ ಪೀಸ್ ಬಿಟ್ಟು ಅದೇ ಮಾಡಲ್ಲಿನ ಇನ್ನೊಂದನ್ನು ತೆಗೆಸಿ. ಕೊನೆಗೆ ಸ್ಕೋಪನ್ನು ಒಂದಡಿ ದೂರ ಹಿಡಿದು ಐಪೀಸಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಿ. ಪೂರ್ತಿ ದುಂಡಗಿದ್ದರೆ ಸರಿ. ಅಂಚುಗಳು ಕತ್ತರಿಸಿದಂತೆ ಚೌಕವಾಗಿದ್ದರೆ ಒಳಗಿನ ಪ್ರಿಸಂ ಅಗ್ಗದ ಬಿಕೆ-7 ಗಾಜಿನದ್ದಾಗಿರುವ ಸಾಧ್ಯತೆ ಹೆಚ್ಚು.

ಸೆಕೆಂಡ್ ಹ್ಯಾಂಡ್ ಆದರೆ ಮುಂದಿನ ಲೆನ್ಸಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ. ಧೂಳಿನ ಕಣ ನಾಲ್ಕಿದ್ದರೆ ಚಿಂತೆಯಿಲ್ಲ, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಮುಟ್ಟಬೇಡಿ. ಜೂನ್‌ನಿಂದ ಅಕ್ಟೋಬರಿನವರೆಗೆ ಈ ಊರಿನ ತೇವದಲ್ಲಿ ಹೊಸದಕ್ಕೂ ಅದು ಹತ್ತಬಹುದು. ನೈಟ್ರೋಜನ್ ತುಂಬಿದ ಸ್ಕೋಪಿನ ಒಳಗೆ ಮಂಜು ಕಟ್ಟುವುದಿಲ್ಲ, ಆದರೆ ಹೊರಗಿನ ಗಾಜಿಗೆ ಆ ರಕ್ಷಣೆ ಇಲ್ಲ. ರೇಂಜಿನಿಂದ ಬಂದವರು ಒದ್ದೆ ಬ್ಯಾಗಿನಲ್ಲೇ ಜಿಪ್ ಎಳೆದಿಡದೆ ಒಂದು ರಾತ್ರಿ ಹೊರಗೆ ಬಿಟ್ಟು, ಆಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ಲನ್ನೇ ತನ್ನಿ, ಬಣ್ಣ ಹೋದಾಗ ಬಿಸಿ ಮಾಡಿ ಮತ್ತೆ ಬಳಸಬಹುದು.