ಅರ್ಧಮುಖದ ರೆಸ್ಪಿರೇಟರ್: ಮರಗೆಲಸದ ಕೋಣೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮನೆಯ ಒಂದು ಕೋಣೆಯಲ್ಲಿ ಮರಗೆಲಸ ಮಾಡುವವರು ಉಸಿರಿನ ರಕ್ಷಣೆಗೆಂದು ಒಂದೇ ಒಂದು ಸಾಮಾನು ಕೊಳ್ಳುವುದಾದರೆ, ಮೂಗು, ಬಾಯಿ, ಗಲ್ಲ ಮುಚ್ಚಿ ಎರಡೂ ಕೆನ್ನೆಯ ಪಕ್ಕ ಫಿಲ್ಟರ್ ಕೂರುವ ಅರ್ಧಮುಖದ ರೆಸ್ಪಿರೇಟರನ್ನೇ ಕೊಳ್ಳಲಿ ಎನ್ನುವುದು ನನ್ನ ತೀರ್ಮಾನ. ವರ್ಷಗಳಿಂದ ಬಳಸುತ್ತಿದ್ದೇನೆ. ಈಗಿನದು ಎರಡನೆಯದು, ಮೊದಲನೆಯದು ಯಾಕೆ ಮೂಲೆ ಸೇರಿತು ಅಂತ ಮುಂದೆ ಹೇಳುತ್ತೇನೆ. ಯಂತ್ರ ನಿಲ್ಲಿಸಿದ ಮೇಲೂ ತೆಗೆಯದೆ ಹಾಕಿಕೊಂಡೇ ಇರಬಹುದು ಅನ್ನುವುದಕ್ಕೇ ಇದಕ್ಕೆ ನನ್ನ ಮೊದಲ ಅಂಕ. ಫಿಲ್ಟರಿನ ಶೇಕಡಾವಾರು ಲೆಕ್ಕ ಆಮೇಲಿನ ಮಾತು.

ಯಂತ್ರ ನಿಲ್ಲಿಸಿದ ಮೇಲೆ ಯಾಕೆ ಅಂದರೆ, ಅಪಾಯ ಇರುವುದೇ ಅಲ್ಲಿ. ಗರಗಸದಿಂದ ಉದುರುವ ಹೊಟ್ಟು, ರಂದ ಹೊಡೆದಾಗ ಬೀಳುವ ಸಿಪ್ಪೆ ಕಣ್ಣಿಗೆ ಕಾಣುತ್ತದೆ, ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಮುಗಿಯಿತು. ಶ್ವಾಸಕೋಶದ ಆಳಕ್ಕೆ ಇಳಿಯುವುದು ಮರ ಉಜ್ಜುವ ಸ್ಯಾಂಡರ್, ಮರದಲ್ಲಿ ಗಾಡಿ ಕೊರೆಯುವ ರೌಟರ್ ಎಬ್ಬಿಸುವ 10 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಚಿಕ್ಕ ಕಣ. ಗಾಳಿ ಅಲುಗದ ಕೋಣೆಯಲ್ಲಿ ತಲೆಯ ಎತ್ತರದಿಂದ 10 ಮೈಕ್ರಾನಿನ ಕಣ ನೆಲ ಮುಟ್ಟಲು ಹತ್ತು ನಿಮಿಷದ ಆಸುಪಾಸು ಬೇಕು. 1 ಮೈಕ್ರಾನಿನದಕ್ಕೆ ಹತ್ತು ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ಸ್ಯಾಂಡಿಂಗ್ ಮುಗಿಸಿ ಸ್ವಲ್ಪ ಹೊತ್ತು ಬಿಟ್ಟು ದೀಪ ಆರಿಸಿ, ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿ. ಶುದ್ಧವಾಗಿದೆ ಅಂದುಕೊಂಡ ಗಾಳಿಯಲ್ಲಿ ಆ ಬೆಳಕಿನ ಪಟ್ಟೆಯೊಳಗೆ ಧೂಳು ದಟ್ಟವಾಗಿ ತೇಲುತ್ತಿರುತ್ತದೆ. ನಾವು ಮಾಸ್ಕ್ ಕಿತ್ತು, ‘ಉಸ್ಸಪ್ಪ’ ಅಂತ ದೀರ್ಘವಾಗಿ ಉಸಿರು ಎಳೆದುಕೊಳ್ಳುವುದು ಸರಿಯಾಗಿ ಆ ಹೊತ್ತಿಗೇ.

ಮರದ ಧೂಳು ಬರೀ ಸೀನು ತರಿಸುವ ಕಿರಿಕಿರಿ ಅಂದುಕೊಂಡವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಕುಹರ, ಸೈನಸ್‌ಗಳ ಕ್ಯಾನ್ಸರಿನ ಲೆಕ್ಕ ಅದು, ಅದರಲ್ಲೂ ಗಟ್ಟಿಮರದ ಧೂಳಿನಲ್ಲಿ ದೀರ್ಘಕಾಲ ದುಡಿದವರದು. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ನಿಯಾಷ್ ಸಂಸ್ಥೆ ಸೂಚಿಸುವ ಮಿತಿ ಒಂದು ಘನ ಮೀಟರ್ ಗಾಳಿಗೆ 1 ಮಿಲಿಗ್ರಾಂ. 30 ಘನ ಮೀಟರಿನ ಕೋಣೆಯೆಂದರೆ ಒಟ್ಟು 30 ಮಿಲಿಗ್ರಾಂ ಆಯಿತು, ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ಸ್ಯಾಂಡರಿಗೆ ವ್ಯಾಕ್ಯೂಮ್ ಜೋಡಿಸದೆ ಒಂದು ಹಲಗೆ ಉಜ್ಜಿದರೆ ಅದನ್ನು ದಾಟುವುದು ದೊಡ್ಡ ಮಾತೇನಲ್ಲ. ವೆಸ್ಟರ್ನ್ ರೆಡ್ ಸೀಡರ್‌ನಂಥ ಕೆಲವು ಮರಗಳ ಕಥೆ ಇನ್ನೂ ಬೇರೆ. ಅದರಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ಆಸ್ತಮಾ ಹತ್ತಿಸಬಲ್ಲದು.

ಈಗ ಮಾಸ್ಕಿನ ವಿಚಾರ. ಇದಕ್ಕೂ ಮೊದಲು ಬಳಸಿ ಎಸೆಯುವ ಎನ್95 ಹಾಕುತ್ತಿದ್ದೆ. ಫಿಲ್ಟರಾಗಿ ಅದರಲ್ಲಿ ಕೊರತೆಯಿಲ್ಲ. ಆದರೆ ಬೆವರಿಗೆ ಒದ್ದೆಯಾಗಿ ಮೆತ್ತಗಾಗುತ್ತದೆ, ಬಿಟ್ಟ ಉಸಿರು ಮೇಲಕ್ಕೆ ನುಗ್ಗಿ ಕನ್ನಡಕ ಮಬ್ಬಾಗುತ್ತದೆ, ಗರಗಸದ ಮುಂದೆ ನಿಂತು ಗೆರೆ ಕಾಣದೆ ಪರದಾಡುವುದು ಬೇರೆ. ಕೊನೆಗೆ ಅದು ಗಲ್ಲದ ಕೆಳಗೆ ಜಾರುತ್ತದೆ. ಅರ್ಧಮುಖದ ಮಾಸ್ಕಿನಲ್ಲಿ ಉಸಿರು ಹೊರಹೋಗುವ ವಾಲ್ವ್ ಕೆಳಗಡೆ ಇದೆ, ಗಾಳಿ ಎದೆಯ ಕಡೆ ಹೋಗುತ್ತದೆ, ಕನ್ನಡಕ ತಿಳಿಯಾಗಿಯೇ ಇರುತ್ತದೆ. ಇಡೀ ಮಧ್ಯಾಹ್ನ ಹಾಕಿಕೊಂಡಿರಬಹುದು. ಮೂಗಿನ ಸೇತುವೆಯ ಮೇಲೆ ಕನ್ನಡಕಕ್ಕೂ ಮಾಸ್ಕಿಗೂ ಜಾಗದ ಜಗಳ ಇದ್ದದ್ದೇ. ಸಪೂರ ಫ್ರೇಮ್ ಆದರೆ ರಾಜಿಯಾಗುತ್ತದೆ. ಮಾತಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ. ನನ್ನ ಮನೆಯವರು ಇದನ್ನು ಅನುಕೂಲಗಳ ಪಟ್ಟಿಗೆ ಸೇರಿಸಿದ್ದಾರೆ.

ಕೊಳ್ಳುವವರೆಲ್ಲ ತಲೆಕೆಡಿಸಿಕೊಳ್ಳುವುದು ಎನ್95 ಸಾಕೋ ಪಿ100 ಬೇಕೋ ಅಂತ. ಮೊದಲನೆಯದು ಪರೀಕ್ಷಾ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು, ಎರಡನೆಯದು ಶೇ 99.97ರಷ್ಟನ್ನು ತಡೆಯುತ್ತದೆ. ಕಾಗದದ ಮೇಲೆ ಅಜಗಜಾಂತರ. ಆದರೆ ಅಮೆರಿಕದ ಕೆಲಸದ ಸುರಕ್ಷತಾ ನಿಯಮದಲ್ಲಿ ಅರ್ಧಮುಖದ ಮಾಸ್ಕಿಗೆ ಕೊಟ್ಟಿರುವ ರಕ್ಷಣೆಯ ಅಂಕ 10. ಅಂದರೆ ಸರಿಯಾಗಿ ಕೂತರೆ ಒಳಗಿನ ಧೂಳು ಹೊರಗಿನದರ ಹತ್ತನೇ ಒಂದು ಭಾಗ ಮೀರಬಾರದು. ಬಳಸಿ ಎಸೆಯುವ ಎನ್95ಗೂ ಅದೇ 10, ಪಿ100 ಹಾಕಿದ ರಬ್ಬರ್ ಮಾಸ್ಕಿಗೂ ಅದೇ 10. ಪೂರ್ತಿ ಮುಖ ಮುಚ್ಚುವುದಕ್ಕೆ ಹೋದರೆ 50. ಧೂಳು ಒಳಗೆ ಬರುವುದು ಹೆಚ್ಚಾಗಿ ಮಾಸ್ಕಿನ ಅಂಚಿನ ಸಂದಿನಿಂದ ಎನ್ನುವುದನ್ನು ಈ ಅಂಕಿಗಳೇ ಹೇಳುತ್ತವೆ. ನಾನು ಪಿ100 ಹಾಕುವುದು ಅದು ಹೆಚ್ಚು ದಿನ ಬಾಳುತ್ತದೆ ಅಂತ. ಅಷ್ಟೇ.

ಸಂದು ಇದೆಯೋ ಇಲ್ಲವೋ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಅಂಗೈಯಿಂದ ಎರಡೂ ಫಿಲ್ಟರ್ ಮುಚ್ಚಿ ಮೆಲ್ಲಗೆ ಉಸಿರು ಎಳೆದರೆ ಮಾಸ್ಕ್ ಮುಖಕ್ಕೆ ಅಂಟಿ, ಹಾಗೇ ನಿಲ್ಲಬೇಕು. ಕೆಳಗಿನ ವಾಲ್ವ್ ಮುಚ್ಚಿ ಉಸಿರು ಬಿಟ್ಟರೆ ಸ್ವಲ್ಪ ಉಬ್ಬಬೇಕು, ಅಂಚಿನಲ್ಲಿ ಎಲ್ಲೂ ಗಾಳಿ ತಾಗಬಾರದು. ಇದನ್ನು ಪ್ರತಿ ಸಲ ಹಾಕಿದಾಗಲೂ ಮಾಡಬೇಕು. ಇನ್ನೊಂದು ಪರೀಕ್ಷೆ ನನ್ನದೇ: ಕೆಲಸ ಮುಗಿದ ಮೇಲೆ ಮಾಸ್ಕಿನ ಒಳಮೈಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸುತ್ತೇನೆ. ಬಟ್ಟೆಗೆ ಬಣ್ಣ ಹತ್ತಿದರೆ, ಎಲ್ಲಿ ಹತ್ತಿತು ಎನ್ನುವುದರಿಂದಲೇ ಸಂದು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಆ ಬಟ್ಟೆಯೇ ಒಮ್ಮೆ ಗಲ್ಲದ ಹತ್ತಿರ ಕಂದು ಗೆರೆ ತೋರಿಸಿತು. ಅಂಚು ಚೆನ್ನಾಗಿಯೇ ಕೂತಿತ್ತು. ಹೊರವಾಲ್ವಿನ ಮುಚ್ಚಳ ತೆಗೆದು ನೋಡಿದರೆ, ನಾಣ್ಯದಷ್ಟಗಲದ ತೆಳು ರಬ್ಬರ್ ಬಿಲ್ಲೆಯ ಅಂಚಿನಡಿ ಮರದ ಒಂದು ಎಳೆ ಸಿಕ್ಕಿಕೊಂಡಿದೆ, ಬಿಲ್ಲೆ ಅಲ್ಲಿ ಕೊಂಚ ಮೇಲೆದ್ದು ಹಾಗೇ ಸೆಟೆದುಕೊಂಡಿದೆ. ಉಸಿರು ಎಳೆದಾಗಲೆಲ್ಲ ಫಿಲ್ಟರಿಗೆ ಹೋಗದೆ ಅಲ್ಲಿಂದಲೇ ಗಾಳಿ. ಬದಲಿ ಬಿಲ್ಲೆ ಕೇಳಿದರೆ ಆ ಕಂಪನಿ ಬಿಡಿಭಾಗ ಮಾರುವುದೇ ಇಲ್ಲವಂತೆ, ಹೊಸ ಮಾಸ್ಕ್ ಕೊಳ್ಳಬೇಕಂತೆ. ಮುಂದೆ ಅದಕ್ಕೆ ಹೊಂದುವ ಫಿಲ್ಟರನ್ನೂ ನಿಲ್ಲಿಸಿಬಿಟ್ಟರು. ತಮ್ಮದೇ ವಿಚಿತ್ರ ತಿರುಪಿನ ಜೋಡಣೆ ಬೇರೆ, ಇನ್ನೊಬ್ಬರದು ಕೂರುವುದಿಲ್ಲ. ಮೊದಲನೆಯದು ಮೂಲೆ ಸೇರಿದ್ದು ಹೀಗೆ. ಆದ್ದರಿಂದ ಕೊಳ್ಳುವ ಮೊದಲು ಫಿಲ್ಟರ್, ವಾಲ್ವ್, ಪಟ್ಟಿ ಈ ಮೂರೂ ಬಿಡಿಯಾಗಿ ಸಿಗುತ್ತವೆಯೇ ಅಂತ ವಿಚಾರಿಸಿ. ಮಾಸ್ಕಿನ ಬಣ್ಣ ಬೆಡಗು ಆಮೇಲೆ. ಈಗಿನದು ಸಿಲಿಕೋನಿನದು, ಹಳೆಯದರ ಅಗ್ಗದ ರಬ್ಬರ್ ಬೆವರು ಕುಡಿದು ಗಡುಸಾಗಿತ್ತು, ಇದು ಇನ್ನೂ ಮೆತ್ತಗಿದೆ.

ಈಗಿನದರಲ್ಲಿ ನನಗೆ ಸರಿಬಾರದ ಒಂದು ‘ಸೌಲಭ್ಯ’ ಇದೆ. ಕೊಕ್ಕೆ ಸಡಿಲಿಸಿದರೆ ಮಾಸ್ಕ್ ಕಳಚಿ ಎದೆಯ ಮೇಲೆ ತೂಗುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಹೊಗಳುತ್ತಾರೆ. ಹಾಗೆ ತೂಗುವಾಗ ಅದರ ಬಟ್ಟಲು ಮೇಲ್ಮುಖವಾಗಿ ಬಾಯಿ ತೆರೆದಿರುತ್ತದೆ, ತೇಲುವ ಧೂಳೆಲ್ಲ ನೆಟ್ಟಗೆ ಅದರೊಳಗೆ. ಮತ್ತೆ ಹಾಕಿಕೊಂಡು ಎಳೆದ ಮೊದಲ ಉಸಿರಿಗೇ ಅದು ಮೂಗಿಗೆ. ಮಾಸ್ಕ್ ತೆಗೆಯುವುದಿದ್ದರೆ ಕೋಣೆಯ ಹೊರಗೆ ಹೋಗಿ ತೆಗೆದು ಮುಚ್ಚಳದ ಡಬ್ಬಿಗೆ ಹಾಕುವುದು ವಾಸಿ.

ಆರೈಕೆ ಸುಲಭ. ಫಿಲ್ಟರ್ ಬಿಚ್ಚಿ ಮುಖದ ಭಾಗವನ್ನು ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಫಿಲ್ಟರನ್ನು ಮಾತ್ರ ತೊಳೆಯಬೇಡಿ, ಕಂಪ್ರೆಸರಿನಿಂದ ಊದಬೇಡಿ. ಹಲವು ಫಿಲ್ಟರುಗಳ ಎಳೆಗಳಲ್ಲಿ ಸ್ಥಾಯೀ ವಿದ್ಯುತ್ತಿನ ಆವೇಶ ಇರುತ್ತದೆ, ಸೂಕ್ಷ್ಮ ಕಣಗಳನ್ನು ಹಿಡಿಯುವುದರಲ್ಲಿ ಅದರ ಪಾಲು ದೊಡ್ಡದು; ಸ್ಪಿರಿಟ್ ಸೋಕಿದರೆ ಅದು ಹೋಯಿತು. ನೋಡಲು ಮೊದಲಿನಂತೆಯೇ ಇರುತ್ತದೆ, ಕೆಲಸ ಮಾಡುವುದಿಲ್ಲ. ಉಸಿರು ಎಳೆಯಲು ಕಷ್ಟ ಅನ್ನಿಸಿದಾಗ ಬದಲಿಸಿದರಾಯಿತು.

ಧೂಳಿನ ಫಿಲ್ಟರ್ ಆವಿಯನ್ನು ತಡೆಯುವುದಿಲ್ಲ. ವಾರ್ನಿಷ್, ಥಿನ್ನರ್ ಹಚ್ಚುವಾಗ ಸಾವಯವ ಆವಿಯ ಕಾರ್ಟ್ರಿಜ್ ಬೇಕು, ಬಳಸದಾಗ ಅದನ್ನು ಗಾಳಿಯಾಡದ ಚೀಲದಲ್ಲಿಡಬೇಕು. ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಕೊರೆಯುವಾಗ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್‌ಗೆ ಅದೂ ಸಾಲದು, ಫಾರ್ಮಾಲ್ಡಿಹೈಡ್ ಎಂದೇ ನಮೂದಿಸಿದ ಕಾರ್ಟ್ರಿಜ್ ಬೇರೆ ಸಿಗುತ್ತದೆ.

ಮಾಸ್ಕ್ ಇದೆ ಅಂತ ಧೂಳು ಎಬ್ಬಿಸುತ್ತಾ ಕೂರುವಂತಿಲ್ಲ. ಸ್ಯಾಂಡರಿಗೆ ವ್ಯಾಕ್ಯೂಮ್ ಜೋಡಿಸಿದ ಮೇಲೆ ಫಿಲ್ಟರಿನ ಬಾಳಿಕೆ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಉಳಿದ ತೇಲುಧೂಳಿಗೆ ಕಾರ್ಸಿ-ರೋಸೆಂತಾಲ್ ಪೆಟ್ಟಿಗೆ ಮಾಡಿಕೊಂಡಿದ್ದೇನೆ. ಮರ್ವ್ 13 ದರ್ಜೆಯ ನಾಲ್ಕು ಗಾಳಿ ಫಿಲ್ಟರುಗಳನ್ನು ಚೌಕವಾಗಿ ನಿಲ್ಲಿಸಿ ಮೇಲೊಂದು ಚೌಕ ಫ್ಯಾನ್ ಅಂಟಿಸುವುದು, 2020ರಲ್ಲಿ ಕೋವಿಡ್ ಕಾಲಕ್ಕೆ ಹುಟ್ಟಿದ ಉಪಾಯ. ಕೆಲಸ ಮುಗಿದ ಮೇಲೂ ಅದನ್ನು ಓಡಲು ಬಿಟ್ಟು ನಾನು ಹೊರಗೆ ಬರುತ್ತೇನೆ. ಮಾಸ್ಕ್ ಕಳಚುವುದು ಬಾಗಿಲು ದಾಟಿದ ಮೇಲೆ.

ಗಡ್ಡ ಬಿಟ್ಟವರಿಗೆ ಇದನ್ನು ಶಿಫಾರಸು ಮಾಡಲಾರೆ. ಅಂಚು ಚರ್ಮಕ್ಕೇ ಕೂರಬೇಕು, ಎರಡು ದಿನದ ಕುರುಚಲೂ ಸೀಲನ್ನು ಕೆಡಿಸುತ್ತದೆ. ಅಂಥವರು ಸೊಂಟದ ಬ್ಯಾಟರಿ-ಫ್ಯಾನಿನಿಂದ ಶುದ್ಧ ಗಾಳಿಯನ್ನು ಮುಸುಕಿನೊಳಗೆ ತಳ್ಳುವ ಸಲಕರಣೆ ನೋಡಬಹುದು. ಗೆಳೆಯರೊಬ್ಬರದನ್ನು ಹಾಕಿ ನೋಡಿದೆ. ಮುಖಕ್ಕೆ ತಣ್ಣನೆ ಗಾಳಿ, ಉಸಿರಿಗೆ ಒತ್ತಡವೇ ಇಲ್ಲ. ಬೆಲೆ ಮಾತ್ರ ಇದರ ಹಲವು ಪಟ್ಟು, ಚಾರ್ಜ್ ಮಾಡುವ ರಗಳೆ ಬೇರೆ. ಆಸ್ತಮಾ, ಹೃದಯದ ತೊಂದರೆ ಇರುವವರು ಯಾವುದನ್ನೇ ಕೊಳ್ಳುವ ಮೊದಲು ವೈದ್ಯರನ್ನು ಕೇಳಲಿ, ಫಿಲ್ಟರಿನ ಮೂಲಕ ಉಸಿರು ಎಳೆಯುವುದೂ ಒಂದು ಶ್ರಮವೇ.